ಎಂಟನೇ ಬೋಗಿ ಬೆಳಗಾವಿಗೆ ಬಂದ ಮಳೆಗಾಲ

ಕಳೆದ ತಿಂಗಳು ಮಿರಜಿನಿಂದ ಖಾನಾಪುರದ ತವರಿಗೆ ಹೊರಟಿದ್ದೆ. ದೇಸೂರಿನಲ್ಲಿ ರೈಲು ನಿಂತಾಗ ಏಳೆಂಟು ಹೆಂಗಸರು ಒಟ್ಟಿಗೇ ಹತ್ತಿದರು. ಎಲ್ಲರ ಮೈಮೇಲೂ ರೇನ್‌ಕೋಟು. ಒದ್ದೆ ಪ್ಲಾಸ್ಟಿಕ್ಕಿನ ವಾಸನೆ, ಅದರಡಿಯ ಬೆವರು, ಯಾರದೋ ಡಬ್ಬಿಯಿಂದ ಬಂದ ಬೆಳ್ಳುಳ್ಳಿ ಚಟ್ನಿಯ ಘಾಟು ಎಲ್ಲ ಸೇರಿ ಬೋಗಿ ತುಂಬಿಕೊಂಡಿತು. ಮದುವೆಯಾಗಿ ಊರು ಬಿಟ್ಟು ಆರೇಳು ವರ್ಷವಾದರೂ ಆ ವಾಸನೆ ನನ್ನನ್ನು ನೇರ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಯಿತು. ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ರಾಕ್ ಬ್ಯಾಂಡೊಂದನ್ನು ನಾನು ಕಣ್ಣಾರೆ ಕಂಡ ಮಳೆಗಾಲ ಅದು. ಒಬ್ಬ ಟೀಚರ್ ಮೇಲೆ ವಿನಾಕಾರಣ ಕಣ್ಣಿಟ್ಟಿದ್ದೂ ಅದೇ ಮಳೆಗಾಲದಲ್ಲಿ.

ಆಗ ಖಾನಾಪುರದಿಂದ ದಿನಾ ಬೆಳಗಾವಿಗೆ ಹೋಗಿಬರುತ್ತಿದ್ದೆ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಭಾಗಗಳನ್ನು ಪರೀಕ್ಷಿಸಿ ಪಾಸು ಮಾಡುವ ಕೆಲಸ. ಹೊರಗೆ ನುಣ್ಣಗೆ ಹೊಳೆಯುವ ತುಂಡಿನೊಳಗೇ ಗಾಳಿ ಸಿಕ್ಕಿಕೊಂಡು ಪೊಳ್ಳಾಗಿರುತ್ತದೆ, ಚಂದ ಕಂಡಿದ್ದನ್ನು ಮೊದಲು ಬಡಿದು ನೋಡು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಆ ಚಾಳಿ ಮನೆಗೂ ಬಂದುಬಿಟ್ಟಿತ್ತು. ಅಂಗಡಿಯವನು ನಕ್ಕರೆ ಅನುಮಾನ, ನೋಡಲು ಬಂದ ಗಂಡು ಮೆತ್ತಗೆ ಮಾತಾಡಿದರೆ ಅನುಮಾನ. "ಈ ಹುಡುಗಿ ದೇವರ ಪ್ರಸಾದಾನೂ ಮೂಸಿ ನೋಡತೈತಿ" ಎಂದು ಅವ್ವ ಬೈಯುತ್ತಿದ್ದಳು.

ನಾನು ಬಡಿದು ನೋಡದೆ ನಂಬಿದ್ದು ಒಂದನ್ನೇ. ಅದು ಎಂಟನೇ ಬೋಗಿ. ನಾಲ್ಕು ಜನರ ಬ್ಯಾಂಡು. ಕಿವಿ ಗಡಚಿಕ್ಕುವ ಗಿಟಾರು, ಎದೆಯೊಳಗೆ ಹೊಕ್ಕು ಬಡಿಯುವ ಡ್ರಮ್ಸು, ಅವುಗಳ ನಡುವೆ ಅನಂತ ಎಂಬ ಗಾಯಕನ ಒರಟು ದನಿ. ಫೋನಿನಲ್ಲಿ ಕೇಳಿ ಕೇಳಿಯೇ ಅವರ ಹಾಡುಗಳೆಲ್ಲ ಬಾಯಿಪಾಠವಾಗಿದ್ದವು. ಅವರನ್ನು ಊರೂರಿಗೆ ಮುಟ್ಟಿಸಿದ ಹಾಡಿನಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ:

"ಹೆಂಚು ಸೋರತೈತಿ, ಪಾಟಿ ಮುಚ್ಚಿ ಕುಂದ್ರು,
ಛತ್ರಿ ಫಾಟಲೀ ಮಾಝೀ, ತುಝ್ಯಾ ಛತ್ರೀತ ಘೇ."

ನನ್ನ ಕೊಡೆ ಹರಿದಿದೆ, ನಿನ್ನ ಕೊಡೆಯೊಳಗೆ ಕರೆದುಕೋ ಎಂದು ಎರಡನೇ ಸಾಲಿನ ಅರ್ಥ. ಮನೆ ಮಠವಿಲ್ಲದ ಮನುಷ್ಯ ಗಡಿಯಲ್ಲಿ ನಿಂತು ಲೋಕವನ್ನು ಕೂಗಿ ಕರೆಯುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಅನಂತ ಸಂದರ್ಶನಗಳಲ್ಲಿ ಹೇಳುತ್ತಿದ್ದುದೂ ಹಾಗೆಯೇ. ತಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಘಾಟಿನ ರಸ್ತೆಯಲ್ಲಿ ಅಲೆಯುವಾಗ ಒಬ್ಬ ಕುರುಡ ಹಾಡುಗಾರನಿಂದ ಈ ಹಾಡು ಕಲಿತೆ ಎನ್ನುತ್ತಿದ್ದ. ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಜುಲೈ ಮೊದಲಲ್ಲಿ ಬೆಳಗಾವಿಯ ಗೋಡೆಗಳ ಮೇಲೆ ಅವರ ಪೋಸ್ಟರು ಬಿತ್ತು. ಫೋಟೋ ಎಷ್ಟು ಮಸುಕಾಗಿತ್ತೆಂದರೆ ಯಾರ ಮುಖವೂ ಗುರುತು ಹತ್ತುತ್ತಿರಲಿಲ್ಲ. ಅದೇ ಹೆಸರಿಟ್ಟುಕೊಂಡು ಬೇರೆ ಯಾರೋ ಊರೂರು ಸುತ್ತುತ್ತಿದ್ದಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಇನ್ನೊಂದು ಕಡೆಯಿಂದ, ಮರಾಠಿ ಸಾಲು ಯಾಕೆ ಎಂದು ಕೆಲವರು, ಕನ್ನಡ ಸಾಲು ಯಾಕೆ ಎಂದು ಕೆಲವರು ಗೊಣಗುತ್ತಿದ್ದರು. ಕಾರ್ಯಕ್ರಮ ನಡೆಯಲು ಬಿಡುವುದಿಲ್ಲ ಎಂದು ಯಾರೋ ಹೇಳಿದರಂತೆ. ಯಾರು ಹೇಳಿದರು, ಎಲ್ಲಿ ಹೇಳಿದರು ಎಂದು ಕೇಳಿದರೆ ಉತ್ತರವಿಲ್ಲ. ನಮ್ಮ ಫೌಂಡ್ರಿಯಲ್ಲೇ ಲೇತ್ ಯಂತ್ರ ನಡೆಸುತ್ತಿದ್ದ ಪ್ರಶಾಂತ ಬೆಳಗಾವಿಯ ಅಭಿಮಾನಿಗಳ ಗುಂಪು ಕಟ್ಟಿದ್ದ. ಗೇಟಿನಲ್ಲಿ ನಿಂತು ಒಳಬರುವವರನ್ನು ನೋಡಿಕೊಳ್ಳಲು ಗುಂಪಿನವರನ್ನೇ ಹಾಕಿದ್ದರು. ಹೆಂಗಸರ ಕಡೆಯ ಜವಾಬ್ದಾರಿ ನನಗೆ ಬಂತು.

ಅದೇ ವಾರ ರೈಲಿನಲ್ಲಿ ಆ ಬಾಯಿ ನನ್ನ ಬೆನ್ನು ಹತ್ತಿದರು.

ಮರಾಠಿ ಶಾಲೆಯ ಶಿಕ್ಷಕಿಯರಿಗೆ ನಮ್ಮ ಕಡೆ ಬಾಯಿ ಎನ್ನುತ್ತಾರೆ. ಮಾಲತಿಬಾಯಿ ಖಾನಾಪುರದಲ್ಲಿ ಹತ್ತಿ ದೇಸೂರಿನಲ್ಲಿ ಇಳಿಯುತ್ತಿದ್ದರು. ಐವತ್ತು ದಾಟಿದ ಸಣಕಲು ಹೆಂಗಸು. ಬಿಗಿಯಾದ ಗಂಟು, ದಪ್ಪ ಕನ್ನಡಕ. ವರ್ಷಗಟ್ಟಲೆ ಒಂದೇ ಬೋಗಿಯಲ್ಲಿ ಓಡಾಡಿದ್ದರೂ ನಾವು ಮಾತಾಡಿದವರಲ್ಲ. ಆ ದಿನ ಕಿಟಕಿ ಬದಿ ಕೂತು ನನ್ನಷ್ಟಕ್ಕೆ ಗುನುಗುತ್ತಿದ್ದೆ. ಅವರು ಎದುರಿನ ಸೀಟಿನಿಂದ ಎದ್ದು ಬಂದು ಪಕ್ಕದಲ್ಲೇ ಕೂತರು.

"ಈ ಹಾಡು ನಿನಗ ಯಾರು ಕಲಿಸ್ಯಾರ?"

"ಯಾರೂ ಕಲಿಸಿಲ್ರಿ. ಎಂಟನೇ ಬೋಗಿಯವ್ರದು."

"ಹಾಡಾಂವ ಯಾರು? ಹೆಂಗದಾನ ನೋಡಾಕ?"

ಹೇಳಿದೆ. ಮರುದಿನ ಮತ್ತೆ ಬಂದರು. ಎಡ ಹುಬ್ಬಿನ ಮೇಲೆ ಗಾಯದ ಕಲೆ ಇದೆಯೇ? ಯಾವ ಊರಿನವನು ಎನ್ನುತ್ತಾನೆ? ಬೆಳಗಾವಿಗೆ ಯಾವ ದಿನ ಬರುತ್ತಾನೆ? ಜತೆಗೆ ಯಾರು ಯಾರು ಇರುತ್ತಾರೆ? ನಾಲ್ಕನೇ ದಿನಕ್ಕೆ ಕೇಳಿಯೇಬಿಟ್ಟರು: "ನನ್ನನ್ನೂ ಕರಕೊಂಡ ಹೋಗ್ತಿಯೇನವಾ?"

ಪ್ರಶಾಂತನಿಗೆ ಹೇಳಿದಾಗ ಅವನು ಲೇತ್ ನಿಲ್ಲಿಸಿದ.

"ಶೈಲಾ, ಖರೇ ಹೇಳು. ಆ ವಯಸ್ಸಿನ ಮರಾಠಿ ಬಾಯಿಗೆ ಅಲ್ಲೇನು ಕೆಲಸ? ಆಕಿ ಹಿಂದ ಯಾರೋ ಅದಾರ."

"ಹಂಗಂದ್ರ ಬ್ಯಾಡ ಅನ್ಲೇನು?"

"ಬ್ಯಾಡ ಅಂದ್ರ ಒಬ್ಬಾಕಿನ ಬರತಾಳ, ಆವಾಗ ಯಾರೂ ನೋಡೂದಿಲ್ಲ. ನಿನ್ನ ಬಾಜೂನ ಕುಂದರಿಸ್ಕೋ. ಕಣ್ಣಿಡು. ಎದ್ದು ಕೂಗಾಡಿದ್ರ ನನಗ ಹೇಳು."

ಹೀಗೆ ನಾನು ಒಪ್ಪಿದೆ. ಅವರು ನನಗೆ ದಿನಾ ಬಿಸಿ ಥಾಲಿಪೀಠ ತರತೊಡಗಿದರು. ಇಷ್ಟು ಪ್ರೀತಿ ಯಾಕೆ ಎಂದು ಅದನ್ನೂ ಅನುಮಾನಿಸುತ್ತಲೇ ತಿಂದೆ.

ಕಾರ್ಯಕ್ರಮ ಬಯಲಿನಲ್ಲಿ ನಡೆಯಬೇಕಿತ್ತು. ಮಳೆ ಬಿಡಲೇ ಇಲ್ಲ. ಬಯಲಲ್ಲಿ ಮೊಣಕಾಲವರೆಗೆ ನೀರು ನಿಂತು, ಹಿಂದಿನ ದಿನ ಜಾಗ ಬದಲಾಯಿತು. ಟಿಳಕವಾಡಿಯ ಒಂದು ಮದುವೆ ಹಾಲ್, ಮಧ್ಯಾಹ್ನದ ಹೊತ್ತು. ಜಾಗ ಬದಲಾಗಿದ್ದೂ ಮೋಸದ ಗುರುತೇ ಎಂದು ಗುಂಪಿನಲ್ಲಿ ಅರ್ಧ ಜನ ವಾದಿಸಿದರು. ನಾವು ಹೋದಾಗ ವೇದಿಕೆಯ ಹಿಂದೆ ಥರ್ಮಾಕೋಲಿನ ಶುಭವಿವಾಹ ಎಂಬ ಅಕ್ಷರಗಳು ಇನ್ನೂ ತೂಗುತ್ತಿದ್ದವು. ಹಿಂದಿನ ದಿನದ ಚೆಂಡುಹೂವು ಕಾಲಡಿಯಲ್ಲಿ ಜಾರುತ್ತಿತ್ತು. ಲೋಕ ನಡುಗಿಸುವ ನನ್ನ ಬ್ಯಾಂಡು ಈ ಹೂವಿನ ಕಮಾನಿನ ಕೆಳಗೆ ನಿಲ್ಲುತ್ತದೆಯೇ? ನನಗೆ ಅಳು ಬರುವಂತಾಯಿತು.

ಮಾಲತಿಬಾಯಿ ಇಳಕಲ್ ಸೀರೆ ಉಟ್ಟು ಬಂದಿದ್ದರು. ಹೆಗಲಲ್ಲೊಂದು ಬಟ್ಟೆಯ ಚೀಲ. ರೈಲಿನಲ್ಲೂ ಅದನ್ನು ತೊಡೆಯ ಮೇಲಿಂದ ಕೆಳಗಿಟ್ಟಿರಲಿಲ್ಲ. ಗೇಟಿನಲ್ಲಿ ಪ್ರಶಾಂತ ಅಡ್ಡ ನಿಂತ.

"ಬಾಯಾರ, ಚೀಲದಾಗ ಏನೈತ್ರಿ?"

"ನಂದು ಸಾಮಾನ."

"ಸ್ವಲ್ಪ ತೋರಸ್ರಿ."

ಅವರ ಮುಖ ಕೆಂಪಾಯಿತು. ಇಡೀ ಸಾಲು ನಮ್ಮನ್ನೇ ನೋಡುತ್ತಿತ್ತು. ಪ್ರಶಾಂತ ನನಗೆ ಕಣ್ಸನ್ನೆ ಮಾಡಿದ. ಹೆಂಗಸರ ಕಡೆಯ ಜವಾಬ್ದಾರಿ ನನ್ನದಲ್ಲವೇ? ಚೀಲ ಇಸಿದುಕೊಂಡು ಕೈಹಾಕಿದೆ. ಒಂದು ಟವೆಲು, ನೀರಿನ ಬಾಟಲಿ, ಒಂದು ಜೊತೆ ಒಣ ಕಾಲುಚೀಲ, ಮೆಡಿಕಲ್ ಅಂಗಡಿಯ ಹತ್ತಿಯ ಸುರುಳಿ.

"ಇದು ಯಾಕ್ರಿ?" ಹತ್ತಿ ಹಿಡಿದು ಕೇಳಿದೆ.

"ಕಿವಿಗೆ. ಭಾಳ ಜೋರು ಇರತೈತಿ ಅಂತ ಅಂದ್ರು."

ಪ್ರಶಾಂತ ನಕ್ಕ. ನಾನೂ ನಕ್ಕೆ. ಅವರು ನಗಲಿಲ್ಲ. ಚೀಲದ ಬಾಯಿ ಬಿಗಿದು, ನನ್ನ ಮುಖ ನೋಡದೆ ಒಳಗೆ ನಡೆದರು.

ಬ್ಯಾಂಡು ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಾಲ್ ಕುದಿಯುತ್ತಿತ್ತು. ಹೊರಗೆ ತಗಡಿನ ಮೇಲೆ ಮಳೆ, ಒಳಗೆ ಒದ್ದೆ ಜನರ ಬಿಸಿ ಉಸಿರು. ದೀಪ ಆರಿತು. ನಾಲ್ಕು ನೆರಳು ಬಂದು ನಿಂತವು. ಅನಂತ ನಾನು ಎಣಿಸಿದ್ದಕ್ಕಿಂತ ಗಿಡ್ಡ, ಹೊಟ್ಟೆಯೂ ತುಸು ಬಂದಿತ್ತು. ಇವನು ಅವನಲ್ಲ ಎಂದು ಒಮ್ಮೆ ಅನ್ನಿಸಿತು. ಆಮೇಲೆ ಮೊದಲ ಪೆಟ್ಟು ಬಿತ್ತು.

ಅದನ್ನು ಹೇಗೆ ಹೇಳಲಿ? ಫೋನಿನಲ್ಲಿ ಕೇಳುವ ಡ್ರಮ್ಸು ಕಿವಿಯಲ್ಲೇ ಮುಗಿಯುತ್ತದೆ. ಅಲ್ಲಿ ಅದು ನೆಲದಿಂದ ಹತ್ತಿ ಮೊಣಕಾಲು, ಹೊಟ್ಟೆ, ಪಕ್ಕೆಲುಬು ಎಲ್ಲವನ್ನೂ ಹಿಡಿದು ಅಲುಗಿಸಿತು. ಎಲ್ಲರೂ ಎದ್ದು ನಿಂತರು. ನನ್ನ ಬಾಯಿ ತಾನೇ ತೆರೆದುಕೊಂಡು ಹಾಡುತ್ತಿತ್ತು, ಆದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆದರೂ ಹಾಳು ಬುದ್ಧಿ ಸುಮ್ಮನಿರಬೇಕಲ್ಲ. ಹಾಡು ಫೋನಿನಲ್ಲಿ ಇದ್ದ ಹಾಗೇ ಇದೆಯಲ್ಲ, ಒಂದು ತಪ್ಪೂ ಇಲ್ಲವಲ್ಲ, ಹಿಂದಿನಿಂದ ರೆಕಾರ್ಡು ಹಾಕಿ ಇವರು ಬರೀ ಬಾಯಿ ಆಡಿಸುತ್ತಿರಬಹುದೇ ಎಂದು ಅನಂತನ ತುಟಿಯನ್ನೇ ನೋಡತೊಡಗಿದೆ. ನಡುನಡುವೆ ತಿರುಗಿ ಮಾಲತಿಬಾಯಿಯನ್ನೂ ನೋಡುತ್ತಿದ್ದೆ. ಅವರೊಬ್ಬರೇ ಕೂತಿದ್ದರು. ಎರಡೂ ಕಿವಿಯಲ್ಲಿ ಹತ್ತಿ, ಕೈ ಚೀಲದ ಮೇಲೆ, ಕಣ್ಣು ವೇದಿಕೆಯ ಮೇಲೆ.

ಮೂರನೆಯದೋ ನಾಲ್ಕನೆಯದೋ ಹಾಡಿನಲ್ಲಿ ಗಿಟಾರಿನ ತಂತಿ ಹರಿಯಿತು. ಪಟ್ ಎಂದದ್ದು ಸ್ಪೀಕರಿನಲ್ಲೇ ಕೇಳಿತು. ಹಾಡು ನಿಂತಿತು. ನನಗೆ ಎಂಥ ಸಂತೋಷ! ಖರೆಯೇ ನುಡಿಸುತ್ತಿದ್ದಾರೆ, ಇವರು ಅವರೇ. ಕಣ್ಣಲ್ಲಿ ನೀರು ಬಂತು. ತಂತಿ ಬದಲಿಸುವವರೆಗೆ ಹೊತ್ತು ಕಳೆಯಬೇಕಲ್ಲ, ಅನಂತ ಮೈಕು ಹಿಡಿದು ವೇದಿಕೆಯ ಅಂಚಿಗೆ ಬಂದ.

"ಬೆಳಗಾವಿ, ನಿಮಗ ಒಂದು ಕಥಿ ಹೇಳ್ತೀನಿ," ಎಂದ. "ಘಾಟಿನ್ಯಾಗ ಮಳಿ. ನಾ ಒಬ್ಬನ ಇದ್ದೆ. ಅಲ್ಲೊಬ್ಬ ಕುರುಡ ಮುದುಕ ಗಿಡದ ಬುಡಕ ಕುಂತು ಹಾಡಾಕತ್ತಿದ್ದ. ಅಂವಗ ಕಣ್ಣಿಲ್ಲ, ನನಗ ಮನಿ ಇಲ್ಲ."

ಮಾಲತಿಬಾಯಿ ಕಿವಿಯ ಹತ್ತಿ ತೆಗೆದರು. ಮೊದಲು ಒಂದು, ಆಮೇಲೆ ಇನ್ನೊಂದು. ಕತೆ ಮುಗಿಯುವವರೆಗೆ ತಲೆ ಬಾಗಿಸಿ ಕೇಳಿದರು. ಹಾಡು ಶುರುವಾಗಿ ಇಡೀ ಹಾಲ್ ಹೆಂಚು ಸೋರತೈತಿ ಎಂದು ಕೂಗಿದಾಗ ನನ್ನ ತೋಳು ಹಿಡಿದು ಬಗ್ಗಿಸಿ, ಕಿವಿಯ ಹತ್ತಿರ ಬಾಯಿ ತಂದು ಅಂದರು:

"ಕುರುಡ ಎಲ್ಲಿಂದ ಬಂದ? ಅಲ್ಲಿ ಇದ್ದಾಕಿ ನಾನು."

ನಾನು ನಂಬಲಿಲ್ಲ. ಇಷ್ಟು ದಿನ ಇವರ ಹಿಂದೆ ಯಾರೋ ಇದ್ದಾರೆ ಎಂದುಕೊಂಡಿದ್ದೆ, ಈಗ ತಲೆಯೇ ಸರಿಯಿಲ್ಲವೇನೋ ಅನ್ನಿಸಿತು. ಪ್ರಶಾಂತನನ್ನು ಕರೆಯಲೇ ಎಂದು ಸುತ್ತ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಅವರು ಹೊರಗೆ ಹೋಗುವ ಬದಲು ವೇದಿಕೆಯ ಬದಿಗೆ ನಡೆದರು. ಬಿಡುವಂತಿರಲಿಲ್ಲ, ಹಿಂದೆ ಓಡಿದೆ. ನನ್ನ ಎದೆಯ ಮೇಲೆ ಸ್ವಯಂಸೇವಕಿಯ ಬಿಲ್ಲೆ ಇದ್ದುದರಿಂದ ಯಾರೂ ತಡೆಯಲಿಲ್ಲ. ಮದುವೆಯ ಅಡುಗೆ ಮಾಡುವ ಹಿಂದಿನ ಪಡಸಾಲೆಯಲ್ಲಿ ಅನಂತ ಕಡಾಯಿಗಳ ನಡುವೆ ನಿಂತು ಸಿಗರೇಟು ಸೇದುತ್ತಿದ್ದ. ಮಾಲತಿಬಾಯಿ ಹೊಸ್ತಿಲಲ್ಲಿ ನಿಂತು ಕರೆದರು.

"ಅಂತ್ಯಾ."

ಅವನು ತಿರುಗಿದ. ನೋಡಿದ. ಸಿಗರೇಟು ಹಿಡಿದ ಕೈ ತಟ್ಟನೆ ಬೆನ್ನ ಹಿಂದೆ ಹೋಯಿತು.

ಆ ಕೈ ನೋಡಿದ ಕೂಡಲೇ ನನಗೆ ತಿಳಿಯಿತು. ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

"ಬಾಯಿ... ನೀವು ಇಲ್ಲಿ?" ಅವನ ವೇದಿಕೆಯ ದನಿ ಎಲ್ಲಿ ಹೋಯಿತೋ.

"ಆ ಕುರುಡನ್ನ ಎಲ್ಲಿ ನೋಡಿದಿ, ಅದನ್ನ ಕೇಳೂಣಂತ ಬಂದೆ."

ಅವನು ನೆಲ ನೋಡಿದ. "ಸಾಲ್ಯಾಗ ಕಲಿತೆ ಅಂದ್ರ ಜನ ಕೇಳೂದಿಲ್ರಿ ಬಾಯಿ. ಅವರಿಗೆ ಹಂತಾದು ಬೇಕು."

"ನನ್ನ ಹೆಸರು ಹೇಳು ಅಂತ ನಾ ಬಂದಿಲ್ಲ. ಆ ಕ್ವಾಣ್ಯಾಗ ನಾವಷ್ಟ ಇದ್ವೇನು? ಸುಮನ ಇದ್ಲು, ಬಾಳ್ಯಾ ಇದ್ದ. ಮೊನ್ನೆ ಬಾಳ್ಯಾ ಫೋನ್ ಮಾಡಿದ್ದ. ಬಾಯಿ, ನಾವು ಅಲ್ಲಿ ಇದ್ದಿಲ್ಲೇನು ಅಂತ ಕೇಳಿದ. ಅಂವಗ ನಾ ಏನು ಹೇಳ್ಲಿ?"

ಅಷ್ಟರಲ್ಲಿ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿದ್ದ ಒಬ್ಬಾತ ಬಂದ. ಬ್ಯಾಂಡಿನ ವ್ಯವಹಾರ ನೋಡಿಕೊಳ್ಳುವವನು. ಯಾರು ಇವರು, ಕೇಸ್ ಹಾಕುತ್ತಾರಾ, ಏನು ಬೇಕಂತೆ ಎಂದು ಅನಂತನನ್ನು ಕೇಳಿದ. ಆಮೇಲೆ ಆತನ ಕಣ್ಣು ನನ್ನ ಮೇಲೆ ಬಿತ್ತು.

"ನೀವು ಇದನ್ನ ರೆಕಾರ್ಡ್ ಮಾಡಿದ್ರಾ? ಫೋನ್ ಕೊಡಿ."

"ಇಲ್ರಿ. ನಾನು ಫ್ಯಾನ್," ಎಂದೆ.

"ಕೊಡಿ."

ಕೊಟ್ಟೆ. ಆತ ನನ್ನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ನೋಡಿದ. ಅವ್ವ, ತಮ್ಮ, ಫೌಂಡ್ರಿಯ ಗೆಳತಿಯರು, ಅಂದಿನ ವೇದಿಕೆಯ ನೂರಾರು ಚಿತ್ರಗಳು. ಗೇಟಿನಲ್ಲಿ ಬಾಯಿಯ ಚೀಲದೊಳಗೆ ನಾನು ಕೈಹಾಕಿದಾಗ ಅವರಿಗೆ ಹೇಗಾಗಿದ್ದೀತು ಎಂಬುದು ಆಗ ಗೊತ್ತಾಯಿತು. ನಾನು ಅನಂತನ ಮುಖ ನೋಡಿದೆ. ಇವಳು ನಮ್ಮವಳು, ಬಿಡು ಎಂದು ಒಂದು ಮಾತು ಹೇಳಬಹುದಿತ್ತು. ಅವನು ಕಡಾಯಿಯ ಕಡೆ ನೋಡುತ್ತಿದ್ದ. ಹೇಳಿದ್ದು ಮಾಲತಿಬಾಯಿ: "ಆಕಿ ಫೋನ್ ಕೊಡಪಾ ಆಕಿಗೆ. ಹುಡುಗಿ ನಿಮ್ಮ ಹಾಡು ಕೇಳಾಕ ಬಂದಾಳ."

ಸಂಜೆಯ ರೈಲಿನಲ್ಲಿ ಅವರು ಎಲ್ಲ ಹೇಳಿದರು. ಖಾನಾಪುರದ ಆಚೆ ಕಾಡಂಚಿನ ಒಂದು ಹಳ್ಳಿಯಲ್ಲಿ ಅವರ ಮೊದಲ ನೌಕರಿ. ಒಂದೇ ಕಟ್ಟಡದಲ್ಲಿ ಎರಡು ಸಾಲಿ: ಕನ್ನಡ ಶಾಲೆ, ಮರಾಠಿ ಶಾಲೆ. ಒಂದು ಮಳೆಗಾಲ ಕನ್ನಡ ಶಾಲೆಯ ಹೆಂಚು ಹಾರಿಹೋಯಿತು. ಆ ಶಾಲೆಯ ಮಾಸ್ತರು ಜ್ವರ ಹಿಡಿದು ಊರಿಗೆ ಹೋದವರು ತಿಂಗಳಾದರೂ ಬರಲಿಲ್ಲ. ಎಲ್ಲ ಮಕ್ಕಳೂ ಪಾಟಿ, ಅಂದರೆ ಸ್ಲೇಟು, ಹಿಡಿದುಕೊಂಡು ಇವರ ಕೋಣೆಗೆ ಬಂದರು. ಕನ್ನಡ ಮಕ್ಕಳ ಮಾತು ಮರಾಠಿ ಮಕ್ಕಳಿಗೆ ಬಾರದು, ಮರಾಠಿಯವರ ಮಾತು ಕನ್ನಡದವರಿಗೆ ಬಾರದು. ಒಬ್ಬರ ಜಾಗ ಇನ್ನೊಬ್ಬರು ಹಿಡಿದರೆಂದು ದಿನಾ ಜಗಳ, ಚಿವುಟಾಟ. ಅದಕ್ಕೆ ಬಾಯಿ ಒಂದು ರಾಗ ಮಾಡಿ, ಈ ಕಡೆಯವರು ಒಂದು ಸಾಲು ಕಟ್ಟಿ ಹೇಳಿರಿ, ಆ ಕಡೆಯವರು ಒಂದು ಸಾಲು ಕಟ್ಟಿ ಹೇಳಿರಿ ಎಂದು ಕೂಡಿಸಿದರು.

"ಛತ್ರಿ ಸಾಲು ಅಂತ್ಯಾಂದ," ಎಂದರು. "ಅವನ ಛತ್ರಿ ಖರೇನ ಹರದಿತ್ತು. ಬಾಳ್ಯಾನ ಛತ್ರ್ಯಾಗ ಬರ್ತಿದ್ದ."

ನಾನು ಬೆಚ್ಚಿದೆ. "ಹಂಗಂದ್ರ ಆ ಸಾಲು ಅವನ ಸ್ವಂತದ್ದೇನ್ರಿ? ಕದ್ದದ್ದಲ್ಲ?"

"ನಾ ಎಲ್ಲಿ ಕದ್ದಾನ ಅಂದೆ? ತನ್ನ ಸಾಲು ತಗೊಂಡೋಗಿ ಇಲ್ಲದ ಮುದುಕಗ ಕೊಟ್ಟ ಅಂತ ನನ್ನ ಸಂಕಟ."

ಹಾಡಿಗೆ ಇನ್ನೂ ಸಾಲುಗಳಿವೆ, ಬ್ಯಾಂಡಿನವರು ಹಾಡುವುದು ಅರ್ಧವನ್ನಷ್ಟೇ ಎಂದು ಅವರು ಅಂದಾಗ, ಪೂರ್ತಿ ಹೇಳಿರಿ ಎಂದು ಕೇಳಿದೆ. ಅವರು ನನ್ನ ಮುಖವನ್ನು, ಆಮೇಲೆ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು.

"ಇವತ್ತ ಬ್ಯಾಡವಾ," ಎಂದು ಕಿಟಕಿಯ ಕಡೆ ತಿರುಗಿದರು.

ನನ್ನ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಇರಬೇಕಾದ ಕಾರಣವಾದರೂ ಏನಿತ್ತು?

ಮುಂದಿನ ತಿಂಗಳು ಬೇರೊಂದು ಊರಿನಲ್ಲಿ ಎಂಟನೇ ಬೋಗಿ ಹಾಡಿದ ವಿಡಿಯೋ ಬಂತು. ನಾನೂ ಪ್ರಶಾಂತನೂ ಊಟದ ಬಿಡುವಿನಲ್ಲಿ ನೋಡಿದೆವು. ಆ ಹಾಡಿಗೆ ಮೊದಲು ಅನಂತ ಮೈಕಿನ ಮುಂದೆ ತುಸು ಹೊತ್ತು ನಿಂತ, ಏನೋ ಹೇಳುವವನಂತೆ ಬಾಯಿ ತೆರೆದ, ಹೇಳಲಿಲ್ಲ. ನೇರ ಹಾಡಿಗೆ ಹೋದ. ಕುರುಡ ಮುದುಕ ಇರಲಿಲ್ಲ. ಮರುದಿನ ರೈಲಿನಲ್ಲಿ ಬಾಯಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ಸುಳ್ಳು ಬಿಟ್ಟಾನ," ಎಂದರು. "ಖರೇ ಇನ್ನೂ ಹೇಳಿಲ್ಲ."

ನಾನು ಆ ಬ್ಯಾಂಡನ್ನು ಬಿಡಲಿಲ್ಲ. ಬಿಡಬೇಕೆಂದುಕೊಂಡಿದ್ದೆ. ಗುಂಪಿನಿಂದ ಹೊರಬಂದೆ, ಪೋಸ್ಟರು ಕಿತ್ತೆ. ಆದರೆ ಆ ಮಧ್ಯಾಹ್ನ ನೆಲದಿಂದ ನನ್ನೊಳಗೆ ಹತ್ತಿದ್ದು ಸುಳ್ಳಾಗಿರಲಿಲ್ಲ. ಇವತ್ತಿಗೂ ಅವರ ಹೊಸ ಹಾಡು ಬಂದರೆ ಕೇಳುತ್ತೇನೆ. ಕೇಳುವಾಗ ಇದು ಯಾರದ್ದಿರಬಹುದು ಎಂದು ಯೋಚಿಸುತ್ತೇನೆ, ಅಷ್ಟೇ.

ಮಳೆ ಕಡಿಮೆಯಾಗಿ ಭತ್ತ ತೆನೆ ಕಟ್ಟುವ ಹೊತ್ತಿಗೆ ಮಾಲತಿಬಾಯಿಗೆ ವರ್ಗವಾಯಿತು, ರೈಲು ಹೋಗದ ಒಂದು ಊರಿಗೆ. ಕೊನೆಯ ದಿನ ಸಂಜೆ ಅವರು ದೇಸೂರಿನಿಂದ ಹತ್ತಿ ನನ್ನ ಪಕ್ಕ ಕೂತರು. ನಾನು ಏನೂ ಕೇಳಲಿಲ್ಲ. ಫೋನು ಚೀಲದೊಳಗೆ ಇತ್ತು. ಗಾಡಿ ಹೊರಟ ಮೇಲೆ ಅವರೇ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹಾಡತೊಡಗಿದರು. ಗಿಟಾರಿಲ್ಲ, ಡ್ರಮ್ಸಿಲ್ಲ. ಬೆಳಿಗ್ಗೆಯಿಂದ ಮಕ್ಕಳ ಮೇಲೆ ಕೂಗಿ ಒಡೆದುಹೋದ ದನಿ. ಪ್ರತಿ ಸಾಲು ಮುಗಿದ ಮೇಲೆ ಅದನ್ನು ಕಟ್ಟಿದ ಮಗುವಿನ ಹೆಸರು ಹೇಳುತ್ತಿದ್ದರು. ಸುಮನ. ಬಾಳು. ಯಲ್ಲವ್ವ. ಹಸೀನಾ. ದೊಡ್ಡ ಪುಂಡಲೀಕ, ಸಣ್ಣ ಪುಂಡಲೀಕ. ಎಲ್ಲೂ ಬರದ ಆ ಸಾಲುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವು ನನಗೆ ಒಪ್ಪಿಸಿದವಲ್ಲ.

ಎದುರಿನ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಹಾಡು ಮುಗಿಯುವವರೆಗೆ ಸುಮ್ಮನೆ ಕೇಳಿ, ಆಮೇಲೆ ಮುಂದಕ್ಕೆ ಬಾಗಿದಳು.

"ಚಂದ ಐತ್ರಿ ಬಾಯಾರ. ಯಾವ ಸಿನಿಮಾದ್ದು?"

"ಸಿನಿಮಾದ್ದಲ್ಲವಾ," ಎಂದರು ಮಾಲತಿಬಾಯಿ. "ನಮ್ಮ ಸಾಲೀದು."